ರಿಪೋರ್ಟಿನಲ್ಲಿ ‘ಪತ್ತೆಯಾಗಿಲ್ಲ’ ಅಂತ ಬಂದರೆ ಮಾತ್ರೆ ಬಿಡಬಹುದಾ?

ಮೈಸೂರಿನ ಒಂದು ಲ್ಯಾಬಿನಲ್ಲಿ ರಕ್ತದ ಕ್ಯಾನ್ಸರಿನ ಪಿಸಿಆರ್ ಪರೀಕ್ಷೆ (ಕಾಯಿಲೆಯ ಜೀನಿನ ಸಣ್ಣ ಗುರುತನ್ನೂ ಹುಡುಕುವ ಪರೀಕ್ಷೆ) ಮಾಡುವುದು ನನ್ನ ಕೆಲಸ. ಹೆಚ್ಚಾಗಿ ಬರುವುದು ಸಿಎಂಎಲ್ ಎಂಬ, ನಿಧಾನವಾಗಿ ಬೆಳೆಯುವ ರಕ್ತದ ಕ್ಯಾನ್ಸರಿನ ರೋಗಿಗಳ ಸ್ಯಾಂಪಲ್. ಈ ಕಾಯಿಲೆಯಲ್ಲಿ 9 ಮತ್ತು 22ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿ ಬಿಸಿಆರ್-ಎಬಿಎಲ್ ಎಂಬ ಜೀನ್ ಹುಟ್ಟುತ್ತದೆ. ಅದರ ಪ್ರೋಟೀನು ರಕ್ತಕೋಶಗಳಿಗೆ ಬೆಳೆಯಲು ಬಿಡುವಿಲ್ಲದೆ ಸಿಗ್ನಲ್ ಕೊಡುತ್ತಲೇ ಇರುತ್ತದೆ. ಅಮೆರಿಕದಲ್ಲಿ 2001ರಲ್ಲಿ ಒಪ್ಪಿಗೆ ಸಿಕ್ಕ ಇಮಾಟಿನಿಬ್ ಮಾತ್ರೆ ಆ ಸಿಗ್ನಲನ್ನು ತಡೆಯುತ್ತದೆ. ಎಷ್ಟು ಜನರ ಜೀವ ಉಳಿಸಿದ ಮಾತ್ರೆ ಅದು!

ತೊಂದರೆ ಶುರುವಾಗುವುದು ಒಳ್ಳೆಯ ರಿಪೋರ್ಟ್ ಬಂದಾಗ, ಅಂದರೆ ರಕ್ತದಲ್ಲಿ ಆ ಜೀನ್ ‘ಪತ್ತೆಯಾಗಿಲ್ಲ’ ಅಂತ ಬಂದಾಗ. ಮದ್ದೂರು ಕಡೆಯ ರೈತರೊಬ್ಬರು ಕೌಂಟರಿನಲ್ಲಿ ಕೇಳಿದರು: “ಸೊನ್ನೆ ಬಂದೈತಲ್ಲ ಮೇಡಮ್ಮೋರೆ, ಇನ್ಯಾಕೆ ಮಾತ್ರೆ?”

“ಕಬ್ಬು ಕಡಿದ ಮೇಲೆ ಗದ್ದೆ ಬರಿದಾಗಿ ಕಾಣುತ್ತೆ. ಆದ್ರೂ ಕೂಳೆ ಬರಲ್ವಾ ಯಜಮಾನ್ರೇ?” ಅಂದೆ. ತಕ್ಷಣ ಅರ್ಥವಾಯಿತು ಅವರಿಗೆ.

ನಮ್ಮ ಪರೀಕ್ಷೆ ನೋಡುವುದು ರಕ್ತವನ್ನು. ಲ್ಯುಕೇಮಿಯಾದ (ಈ ರಕ್ತದ ಕ್ಯಾನ್ಸರಿನ) ಕೋಶಗಳನ್ನು ಹುಟ್ಟಿಸುವ ಮೂಲಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು ಇರುವುದು ಮೂಳೆ ಮಜ್ಜೆಯಲ್ಲಿ, ಅದೂ ಹೆಚ್ಚಿನವು ವಿಭಜನೆಯಾಗದೆ ಸುಮ್ನೆ ಮಲಗಿ. ಬಿಸಿಆರ್-ಎಬಿಎಲ್ ಬಾಯಿ ಮುಚ್ಚಿಸಿದರೂ ಅವು ಸಾಯುವುದಿಲ್ಲ. ಬದುಕಲು ಅವಕ್ಕೆ ಬೇರೆ ದಾರಿಗಳಿವೆ. ಮಜ್ಜೆಯ ನೆರೆಕೋಶಗಳು ಸಿಎಕ್ಸ್‌ಸಿಎಲ್12 ಎಂಬ ಪ್ರೋಟೀನು ಬಿಡುತ್ತವೆ. ಸ್ಟೆಮ್ ಸೆಲ್‌ನ ಮೇಲಿನ ಸಿಎಕ್ಸ್‌ಸಿಆರ್4 ಎಂಬ ಪ್ರೋಟೀನು ಅದನ್ನು ಹಿಡಿದುಕೊಳ್ಳುವುದರಿಂದ ಆ ಕೋಶ ಅಲ್ಲೇ ನೆಲೆಸುತ್ತದೆ. ವಿಂಟ್, ಹೆಜ್‌ಹಾಗ್ ಎಂಬ ಸಿಗ್ನಲ್ ದಾರಿಗಳು ತನ್ನಂಥದ್ದೇ ಇನ್ನೊಂದು ಕೋಶವನ್ನು ಹುಟ್ಟಿಸುವ ಶಕ್ತಿಯನ್ನು ಉಳಿಸುತ್ತವೆ. ಇವನ್ನೂ ತಡೆದರೆ ಆಯಿತಲ್ಲ ಅನ್ನಿಸುತ್ತೆ, ಅಲ್ವಾ? ಆದರೆ ಇವುಗಳಲ್ಲಿ ಹಲವು ಆರೋಗ್ಯವಾಗಿರುವ ಸ್ಟೆಮ್ ಸೆಲ್‌ಗೂ ಬೇಕು. ಕಾಯಿಲೆಯದನ್ನು ಮಾತ್ರ ಹೊಡೆಯುವ ಔಷಧಿ ಮಾಡುವುದು ಅದಕ್ಕೇ ಇಷ್ಟು ಕಷ್ಟ.

ಹಾಗಂತ ಎಲ್ಲರೂ ಸಾಯುವವರೆಗೆ ಮಾತ್ರೆ ನುಂಗಬೇಕು ಅಂತಲೂ ಅಲ್ಲ. 2010ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನದಲ್ಲಿ, 2 ವರ್ಷಕ್ಕಿಂತ ಜಾಸ್ತಿ ಕಾಲ ‘ಪತ್ತೆಯಾಗಿಲ್ಲ’ ಎಂದೇ ಬಂದವರು ಮಾತ್ರೆ ನಿಲ್ಲಿಸಿದರು. ಒಂದು ವರ್ಷದ ನಂತರ ಕಾಯಿಲೆ ಮರಳದೆ ಉಳಿದವರು ಸುಮಾರು ಶೇಕಡ 41. ಮರಳಿದವರಲ್ಲಿ ಹೆಚ್ಚಿನವರಿಗೆ ಮೊದಲ 6 ತಿಂಗಳಲ್ಲೇ ಮರಳಿತು. ಬೇಗ ಗೊತ್ತಾದ್ದರಿಂದ ಮತ್ತೆ ಮಾತ್ರೆ ಕೊಟ್ಟಾಗ ಹತೋಟಿಗೂ ಬಂತು. ಡಾಕ್ಟರ ಕಣ್ಗಾವಲಿನಲ್ಲಿ, ಮೇಲಿಂದ ಮೇಲೆ ಪರೀಕ್ಷೆ ಮಾಡಿಸುತ್ತಾ ಬಿಡುವುದು ಬೇರೆ, ಮನೆಯಲ್ಲಿ ತಾವೇ ಬಿಡುವುದು ಬೇರೆ.

ರಿಪೋರ್ಟನ್ನು ಕವರಿಗೆ ಹಾಕಿ ಕೊಟ್ಟು ಕಳಿಸುವುದು ಸಾಲದು ಅನ್ನುವುದು ನನ್ನ ಅಭಿಪ್ರಾಯ. ಈಗ ಇಂಥ ರಿಪೋರ್ಟ್ ಕೊಡುವಾಗ ಎರಡು ಮಾತು ಹೇಳುತ್ತೇನೆ: ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬೇಡಿ, ಮುಂದಿನ ಪರೀಕ್ಷೆ ಯಾವಾಗ ಅಂತ ಇವತ್ತೇ ಬರೆಸಿಕೊಂಡು ಹೋಗಿ.