ಬೀದರ್ ಕಂಡವನ ಊರು ತ್ವೇರ್: ಒಂದು ದಿನಕ್ಕೆ ಹೋಗೋರಿಗೆ

ಮಾಸ್ಕೋ ನೋಡಿದ ನಮ್ಮವರು ಅಲ್ಲಿಂದ ಸೀದಾ ಸೇಂಟ್ ಪೀಟರ್ಸ್‌ಬರ್ಗ್ ರೈಲು ಹತ್ತುತ್ತಾರೆ. ಅದೇ ದಾರಿಯಲ್ಲಿ, ಮಾಸ್ಕೋದಿಂದ ಸುಮಾರು 170 ಕಿ.ಮೀ. ದೂರಕ್ಕೆ, ವೋಲ್ಗಾ ದಂಡೆಯ ಮೇಲೆ ತ್ವೇರ್ ಸಿಗುತ್ತದೆ. ಇಳಿಯುವವರು ಕಡಿಮೆ. ಆದರೆ ಕರ್ನಾಟಕದವರಿಗೆ ಇಲ್ಲಿ ಇಳಿಯಲು ಒಳ್ಳೆಯ ಕಾರಣವಿದೆ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನರ ಬೀದರಿಗೆ ಬಂದು, ಕಂಡದ್ದನ್ನೆಲ್ಲ ಬರೆದಿಟ್ಟ ವ್ಯಾಪಾರಿ ಅಫನಾಸಿ ನಿಕಿತಿನ್ ಈ ಊರಿನವನೇ.

ಮಾಸ್ಕೋದ ಲೆನಿನ್‌ಗ್ರಾಡ್‌ಸ್ಕಿ ನಿಲ್ದಾಣದಿಂದ ಲಾಸ್ಟೊಚ್ಕಾ ರೈಲು ಹಿಡಿಯಿರಿ. ಕೊಮ್ಸೊಮೊಲ್ಸ್ಕಯಾ ಮೆಟ್ರೋದಲ್ಲಿ ಇಳಿದರೆ ನಿಲ್ದಾಣ ಪಕ್ಕದಲ್ಲೇ. ಎರಡು ಗಂಟೆಯೊಳಗೆ ತ್ವೇರ್. ಪಾಸ್‌ಪೋರ್ಟ್ ಕೈಯಲ್ಲಿರಲಿ. ನಮ್ಮ ಬ್ಯಾಂಕಿನ ವೀಸಾ, ಮಾಸ್ಟರ್‌ಕಾರ್ಡ್ ಕಾರ್ಡುಗಳು 2022ರಿಂದ ರಷ್ಯಾದಲ್ಲಿ ನಡೆಯುವುದಿಲ್ಲ. ಹಾಗಾಗಿ ಡಾಲರ್ ಒಯ್ದು ಮಾಸ್ಕೋದ ಬ್ಯಾಂಕಿನಲ್ಲೇ ರೂಬಲ್ ಮಾಡಿಸಿಕೊಳ್ಳಿ. ಮೊಬೈಲ್ ಇಂಟರ್‌ನೆಟ್ ಕೈಕೊಡುವುದೂ ಉಂಟು, ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ನಾನು ಸಾಮಾನ್ಯವಾಗಿ ಗೈಡ್ ಇಲ್ಲದೆ ತಿರುಗಾಡುವವಳು. ಆದರೆ ಈ ಊರಿಗೆ ಗೈಡ್ ಬೇಕೇ ಬೇಕು. ಯಾಕಂದ್ರೆ ತ್ವೇರ್‌ನಲ್ಲಿ ಇರುವುದಕ್ಕಿಂತ ಇಲ್ಲದ್ದೇ ಜಾಸ್ತಿ. ಒಂದು ಕಾಲಕ್ಕೆ ಮಾಸ್ಕೋಗೇ ಸೆಡ್ಡು ಹೊಡೆದ ಸಂಸ್ಥಾನ ಇದು. ಇಲ್ಲಿನ ದೊರೆ ಮಿಖಾಯಿಲ್‌ನನ್ನು 1318ರಲ್ಲಿ ಮಂಗೋಲರ ಶಿಬಿರದಲ್ಲಿ ಕೊಂದರು. 1763ರ ಬೆಂಕಿಗೆ ಊರಿನ ನಡುಭಾಗ ಸುಟ್ಟುಹೋಯಿತು. ಆಮೇಲೆ ರಾಣಿ ಕ್ಯಾಥರೀನ್ ಕಾಲದಲ್ಲಿ ಒಂದೇ ಚೌಕದಿಂದ ಮೂರು ನೇರ ರಸ್ತೆಗಳು ಕವಲೊಡೆಯುವ ಹಾಗೆ ಪೀಟರ್ಸ್‌ಬರ್ಗ್ ಮಾದರಿಯಲ್ಲಿ ಹೊಸ ಊರು ಕಟ್ಟಿದರು. 1935ರಲ್ಲಿ ದೊಡ್ಡ ಚರ್ಚನ್ನು ಸ್ಫೋಟಿಸಿ ಕೆಡವಿದರು. ಈಗ ಕಾಣುವುದು ಅದೇ ಜಾಗದಲ್ಲಿ ಮತ್ತೆ ಕಟ್ಟಿದ್ದು. 1931ರಿಂದ 1990ರವರೆಗೆ ಊರಿಗೆ ಕಲೀನಿನ್ ಅಂತ ಹೆಸರಿತ್ತು. ಇದನ್ನೆಲ್ಲ ಹೇಳುವವರಿಲ್ಲದಿದ್ದರೆ ಸುಮ್ನೆ ಹಳದಿ ಕಟ್ಟಡ ನೋಡಿಕೊಂಡು ಬರಬೇಕಾಗುತ್ತೆ, ಅಷ್ಟೇ.

ಮಾಸ್ಕೋದಿಂದ ಬಸ್ಸಿನಲ್ಲಿ ಕರೆತರುವ ಗುಂಪು ಪ್ರವಾಸ ಬೇಡ ಅಂತ ನನ್ನ ಅಭಿಪ್ರಾಯ. ಇಳಿ, ಫೋಟೋ ತೆಗೆ, ಹತ್ತು ಅನ್ನುವ ಗಡಿಬಿಡಿ ಅದು. ಸ್ಥಳೀಯ ಗೈಡ್ ಒಬ್ಬರನ್ನು ಮೂರು ಗಂಟೆಗೆ ಗೊತ್ತುಮಾಡಿಕೊಳ್ಳಿ. ಇಂಗ್ಲಿಷ್ ಬರುವವರು ಬೇಕೆಂದು ಮುಂಚಿತವಾಗಿ ಹೇಳಬೇಕು. ಬೀದರ್‌ನ ವಿಷಯವನ್ನೂ ಹೇಳಿಡಿ. ನಮ್ಮ ಗೈಡಮ್ಮ ಅದನ್ನು ಕೇಳಿದ್ದೇ ಟೂರಿನ ಕ್ರಮವನ್ನೇ ಬದಲಿಸಿ, ಟ್ಯಾಕ್ಸಿ ಹಿಡಿಸಿ, ಮೊದಲು ನದಿಯಾಚೆ ನಿಕಿತಿನ್ ಪ್ರತಿಮೆಯ ಹತ್ತಿರ ಕರೆದುಕೊಂಡು ಹೋದರು.

1955ರ ಪ್ರತಿಮೆ. ಪೀಠ ದೋಣಿಯ ಆಕಾರದಲ್ಲಿದೆ, ಅದರ ಮೂತಿಗೆ ಕುದುರೆ ತಲೆ. ಬರೀ ಅಲಂಕಾರ ಅಂದುಕೊಳ್ಳಬೇಡಿ. ದಖ್ಖನದಲ್ಲಿ ಕುದುರೆಗೆ ಒಳ್ಳೆ ಬೆಲೆ ಅಂತ ನಿಕಿತಿನ್ ಹಡಗಿನಲ್ಲಿ ಒಂದು ಗಂಡುಕುದುರೆ ತಂದಿದ್ದ. ಜುನ್ನಾರದ ಖಾನ ಅದನ್ನು ಕಿತ್ತುಕೊಂಡು, ಧರ್ಮ ಬದಲಿಸಿದರೆ ವಾಪಸ್ ಕೊಡ್ತೀನಿ ಅಂದ. ಖುರಾಸಾನದವನೊಬ್ಬ ನಡುವೆ ಮಾತಾಡಿ ಕುದುರೆ ಬಿಡಿಸಿಕೊಟ್ಟ. ಬೀದರ್ ಸುಲ್ತಾನನ ಅರಮನೆಗೆ ಏಳು ಬಾಗಿಲು, ಪ್ರತಿ ಬಾಗಿಲಲ್ಲೂ ನೂರು ಕಾವಲುಗಾರರು, ಬಂದವರ ಹೆಸರು ಬರೆದುಕೊಳ್ಳುವ ನೂರು ಗುಮಾಸ್ತರು ಅಂತ ಬರೆದಿದ್ದಾನೆ. ಆಳಂದದ ಜಾತ್ರೆಯ ಕುದುರೆ ವ್ಯಾಪಾರವೂ ಅವನ ಬರಹದಲ್ಲಿದೆ. ಪಾಪ, ತಿರುಗಿ ಊರು ಮುಟ್ಟಲಿಲ್ಲ, ಸ್ಮೋಲೆನ್ಸ್ಕ್ ಹತ್ತಿರ ತೀರಿಕೊಂಡ.

ಅಲ್ಲಿಂದ ಹಳೇ ವೋಲ್ಗಾ ಸೇತುವೆ ಕಡೆ ಬನ್ನಿ. 1900ರ ಕಬ್ಬಿಣದ ಸೇತುವೆ, ರಿಪೇರಿ ನಡೆಯುತ್ತಿದ್ದರೆ ಹೊಸ ಸೇತುವೆ ಮೇಲೆ ದಾಟಿ. ಈಚೆ ದಂಡೆಯಲ್ಲಿ ಅರಮನೆ. ಪೀಟರ್ಸ್‌ಬರ್ಗ್–ಮಾಸ್ಕೋ ಪ್ರಯಾಣದಲ್ಲಿ ರಾಜಮನೆತನದವರು ತಂಗಲಿ ಅಂತ ಕಟ್ಟಿಸಿದ್ದು, ಈಗ ಚಿತ್ರಶಾಲೆ. ಕೋಟು ಕೌಂಟರಿನಲ್ಲಿ ಕೊಟ್ಟು ಒಳಗೆ ಹೋಗಬೇಕು. ಸೋಮವಾರ, ಮಂಗಳವಾರ ಮಾತ್ರ ಊರಿಗೇ ಬರಬೇಡಿ, ಚಿತ್ರಶಾಲೆಗೆ ರಜೆ. ತಿಂಗಳಿಗೊಂದು ದಿನ ಸ್ವಚ್ಛತೆಗೆಂದೂ ಮುಚ್ಚುತ್ತಾರೆ, ಆ ದಿನ ಯಾವುದು ಅಂತ ವಿಚಾರಿಸಿಕೊಂಡು ಹೊರಡಿ.

ಸಾಮಾನ್ಯ ಟೂರಿನಲ್ಲಿ ಬಿಟ್ಟುಬಿಡುವ ಜಾಗ ಅಂದರೆ ಬಿಳಿ ಟ್ರಿನಿಟಿ ಚರ್ಚ್. 1564ರದ್ದು, ಊರಲ್ಲಿ ಉಳಿದಿರುವ ಕಟ್ಟಡಗಳಲ್ಲೇ ಹಳೆಯದು. ತ್ಮಾಕಾ ಅನ್ನುವ ಸಣ್ಣ ನದಿ ದಾಟಿದರೆ ಸಿಗುತ್ತದೆ. ಅದನ್ನೂ ಸೇರಿಸಿ ಅಂತ ಗೈಡ್‌ಗೆ ಹೇಳಿ. ಹೆಂಗಸರು ತಲೆಗೆ ಸ್ಕಾರ್ಫ್ ಹಾಕಬೇಕು, ಗಂಡಸರು ಟೋಪಿ ತೆಗೆಯಬೇಕು.

ಊಟಕ್ಕೆ ತ್ರೆಖ್‌ಸ್ವ್ಯಾತ್ಸ್ಕಯಾ ಬೀದಿ ವಾಸಿ, ಅಲ್ಲಿ ವಾಹನ ಬಿಡುವುದಿಲ್ಲ. ಸಸ್ಯಾಹಾರಿಗಳು ಬೋರ್ಷ್ ಸೂಪಿನ ಬಗ್ಗೆ ಹುಷಾರು, ತರಕಾರಿ ಕಂಡರೂ ಸಾಮಾನ್ಯವಾಗಿ ಮಾಂಸದ ಸಾರಿನಲ್ಲೇ ಬೇಯಿಸಿರುತ್ತಾರೆ. ಆಲೂಗಡ್ಡೆ ಹೂರಣದ ವರೇನಿಕಿ ಕೇಳಿ, "ಬೆಜ್ ಮ್ಯಾಸಾ" ಅಂದರೆ ಮಾಂಸ ಬೇಡ ಅಂತ ಗೊತ್ತಾಗುತ್ತದೆ. ಆದರೂ ಮೇಲೆ ಉದುರಿಸಿರುವುದೇನು ಅಂತ ಒಮ್ಮೆ ನೋಡಿಕೊಳ್ಳಿ. ವಾಪಸ್ ಬರುವ ರೈಲಿನ ಟಿಕೆಟ್ ಬೆಳಗ್ಗೆಯೇ ತೆಗೆದಿಟ್ಟಿರಿ, ಭಾನುವಾರ ಸಂಜೆ ಮಾಸ್ಕೋ ಕಡೆಗೆ ಹೋಗುವವರು ಬಹಳ.