ಮನೆ ಜಂಬೂರಿನಲ್ಲಿ, ತೋಟ ಮುಕ್ಕೋಡ್ಲಿನಲ್ಲಿ

ಮಡಿಕೇರಿಯಿಂದ ಮಕ್ಕಂದೂರು, ಹಟ್ಟಿಹೊಳೆ ದಾಟಿ ಮಾದಾಪುರಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತರೆ, 2018ರ ಆಗಸ್ಟ್‌ನಲ್ಲಿ ಗುಡ್ಡ ಎಲ್ಲೆಲ್ಲಿ ಜಾರಿತೆಂದು ಯಾರೂ ತೋರಿಸಿಕೊಡಬೇಕಿಲ್ಲ. ಆ ಜಾಗಗಳಲ್ಲಿ ಹಳೆಯ ಮರಗಳೇ ಇಲ್ಲ, ಬರೀ ಹುಲ್ಲು, ಎಳೆಯ ಗಿಡಗಂಟಿ. ಪಕ್ಕದಲ್ಲೇ ಕಾಫಿ, ಸಿಲ್ವರ್ ಓಕ್ ಏನೂ ಆಗದಂತೆ ನಿಂತಿವೆ.

ಆಗ ಮನೆ ಕಳೆದುಕೊಂಡವರಿಗಾಗಿ ಕರ್ಣಂಗೇರಿ, ಮದೆನಾಡು, ಜಂಬೂರುಗಳಲ್ಲಿ ಬಡಾವಣೆಗಳೆದ್ದವು. ಜಂಬೂರಿನದೇ ದೊಡ್ಡದು: 2020ರ ಜೂನ್‌ನಲ್ಲಿ ಇಲ್ಲಿ 383 ಮನೆಗಳು ಹಸ್ತಾಂತರವಾದವು. ನನ್ನ ಗೆಳತಿಯ ಚಿಕ್ಕಮ್ಮನಿಗೂ ಒಂದು ಸಿಕ್ಕಿತು. ಎರಡು ಕೋಣೆ, ಹಾಲ್, ಅಡುಗೆಮನೆ. ಗಟ್ಟಿ ಮನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊಡಗಿನ ಮಳೆಗೆ ಬೋಳು ತಾರಸಿ ಯಾರಿಗೆ ಹೊಳೆಯಿತೋ! ಚಿಕ್ಕಮ್ಮ ಮೇಲೆ ಶೀಟು ಹಾಕಿಸಿ, ಅದರಡಿ ಸೌದೆ ಒಟ್ಟಿದ್ದಾರೆ. ಹಿತ್ತಲಿನ ಒಂದು ಮೊಳ ಜಾಗದಲ್ಲಿ ಮೂರು ಕಲ್ಲಿನ ಒಲೆ, ಅದರ ಮೇಲೆ ಮಸಿ ಹಿಡಿದ ಹಂಡೆ. ಒಳಗೆ ಗ್ಯಾಸ್ ಇದೆ, ಮೀಯುವ ನೀರಿಗೆ ಮಾತ್ರ ಸೌದೆಯೇ ಆಗಬೇಕು. ಅಂಗಳದಲ್ಲಿ ಟಾರ್ಪಾಲು ಹಾಸಿ ಕಾಳುಮೆಣಸು ಒಣಗಿಸಿದ್ದರು; ನಾನು ಚಪ್ಪಲಿ ಬಿಡಲು ಜಾಗ ಹುಡುಕಬೇಕಾಯಿತು.

"ಕಾಫಿ ಎಲ್ಲಿ ಒಣಗಿಸುತ್ತೀರಿ ಚಿಕ್ಕಮ್ಮ?"

"ಅಲ್ಲೇ, ತೋಟದಲ್ಲಿ. ಕಣ ಉಳಿದಿದೆಯಲ್ಲ, ಮನೆ ತಾನೇ ಹೋಗಿದ್ದು."

ತೋಟ ಮುಕ್ಕೋಡ್ಲಿನಲ್ಲಿದೆ. ಅರ್ಧ ತೋಡಿಗೆ ಇಳಿದುಹೋಯಿತು, ಉಳಿದರ್ಧ ಫಸಲು ಕೊಡುತ್ತಿದೆ. ಕೊಯ್ಲಿನ ಸಮಯದಲ್ಲಿ ಚಿಕ್ಕಮ್ಮ, ಚಿಕ್ಕಪ್ಪ ಅಲ್ಲಿಯ ಶೆಡ್ಡಿನಲ್ಲೇ ಇರುತ್ತಾರೆ. ಮಳೆ ಹಿಡಿದ ಮೇಲೆ ಮಾತ್ರ ಒಂದು ರಾತ್ರಿಯೂ ಅಲ್ಲಿ ಮಲಗುವುದಿಲ್ಲ.

ರಸ್ತೆಗೆ, ಕಟ್ಟಡಗಳಿಗೆ ಗುಡ್ಡ ಕಡಿದದ್ದೂ ಕುಸಿತಕ್ಕೆ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಹೇಳಿತ್ತು. ಆ ಮಾತು ತೆಗೆದಾಗ ಚಿಕ್ಕಮ್ಮ ಮೆಣಸು ಕೈಯಾಡಿಸುವುದನ್ನು ನಿಲ್ಲಿಸಿದರು. "ನಮ್ಮದು ಅಜ್ಜನ ಕಾಲದ ಮನೆ. ನಾವೇನು ಕಡಿದೆವು?" ನನ್ನ ಬಳಿ ಉತ್ತರವಿರಲಿಲ್ಲ. ಕಡಿದವರೊಬ್ಬರು, ಕಳೆದುಕೊಂಡವರೊಬ್ಬರು ಎಂಬುದು ವರದಿಗಳಲ್ಲಿ ಕಾಣುವುದಿಲ್ಲ.

ಅಲ್ಲಿ ನೆರೆಮನೆಯವರನ್ನು ಕೂಗಿ ಕರೆಯಬೇಕಿತ್ತು. ಇಲ್ಲಿ ಪಕ್ಕದ ಕುಕ್ಕರ್ ಎಷ್ಟು ಸಲ ಕೂಗಿತೆಂಬ ಲೆಕ್ಕವೂ ಚಿಕ್ಕಮ್ಮನ ಬಳಿ ಇದೆ. ಬೀದಿಯಲ್ಲಿ ಅರೆಭಾಷೆ, ಕೊಡವ ತಕ್ಕ್, ತುಳು, ಮಲಯಾಳ ಎಲ್ಲವೂ ಕೇಳುತ್ತವೆ. ಅದು ಅವರಿಗೆ ಇಷ್ಟವೇ. "ಮಾತಿಗೆ ಜನ ಇದ್ದಾರೆ" ಎಂದರು. ದೂರು ಇರುವುದು ಒಂದೇ: ಬೆಳಿಗ್ಗೆ ತೋಟದ ಕಡೆಗೆ ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ. ಮೆಣಸು ಮಾರಿದ ದುಡ್ಡಿನಲ್ಲಿ ಒಂದು ಪಾಲು ಜೀಪಿನ ಬಾಡಿಗೆಗೇ ಹೋಗುತ್ತದೆ.