ಟೆಸ್ಟ್ ಪಾಸ್ ಆಗಿದ್ದು ಬೇರೆ ಫೈಲಿನ ಮೇಲೆ

ನಿಮ್ಮ ಸ್ಪ್ರಿಂಗ್ ಬೂಟ್ (ಜಾವಾ ಫ್ರೇಮ್‌ವರ್ಕ್) ಪ್ರಾಜೆಕ್ಟಿನ ಟೆಸ್ಟ್ ರಿಸೋರ್ಸಸ್ ಫೋಲ್ಡರಿನಲ್ಲೂ 'ಅಪ್ಲಿಕೇಶನ್ ಡಾಟ್ ವೈಎಂಎಲ್' ಅಂತಲೇ ಒಂದು ಸೆಟ್ಟಿಂಗ್ ಫೈಲ್ ಇದೆಯಾ? ಇದ್ದರೆ ಮೊದಲು ಹೋಗಿ ಅದರ ಹೆಸರು ಬದಲಾಯಿಸಿ ಬನ್ನಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಪೇಮೆಂಟ್ ಸರ್ವಿಸ್ ರಿಲೀಸ್ ಇದ್ದ ಸಂಜೆ. ಸಿಐ, ಅಂದರೆ ತಾನಾಗಿ ಟೆಸ್ಟ್ ಓಡಿಸುವ ವ್ಯವಸ್ಥೆ, ಪೂರ್ತಿ ಹಸಿರು. ಸ್ಟೇಜಿಂಗಿಗೆ (ರಿಲೀಸಿಗೆ ಮುಂಚಿನ ಪರೀಕ್ಷಾ ಸರ್ವರ್) ಡಿಪ್ಲಾಯ್ ಆಯಿತು, ಕ್ಯೂಎ (ಪರೀಕ್ಷಿಸುವ ಟೀಮ್) ಕಡೆಯಿಂದ ಮೊದಲ ಟ್ರಾನ್ಸಾಕ್ಷನ್ ಹೋಯಿತು, ಫೇಲ್ ಆಯಿತು. ಮುಂದಿನದೂ ಅಷ್ಟೇ. ಲಾಗ್ ತುಂಬಾ ಒಂದೇ ಮಾತು: 'ರೀಡ್ ಟೈಮ್ಡ್ ಔಟ್'.

'ಟೈಮ್ಡ್ ಔಟ್' ಕಣ್ಣಿಗೆ ಬಿದ್ದದ್ದೇ ತಡ, ನಾನು ಫೈರ್‌ವಾಲ್ ಅಂದುಬಿಟ್ಟೆ. ಹಿಂದಿನ ರಿಲೀಸಿನಲ್ಲಿ ಹಾಗೇ ಆಗಿತ್ತು, ನೆಟ್‌ವರ್ಕ್ ಟೀಮಿನವರು ಪೋರ್ಟ್ ತೆರೆದಿದ್ದೇವೆ ಅಂತ ಹೇಳಿ ತೆರೆಯದೇ ನಮ್ಮನ್ನು ಗೋಳು ಹೊಯ್ದುಕೊಂಡಿದ್ದರು. ಹಾಗಾಗಿ ಬೇರೆ ಯೋಚನೆಯೇ ಬರಲಿಲ್ಲ. ಎಲ್ಲರೂ ಸೇರುವ ಬ್ರಿಡ್ಜ್ ಕಾಲ್ ಶುರುವಾಯಿತು. ನೆಟ್‌ವರ್ಕ್ ಟೀಮ್ 'ನಮ್ಮ ಕಡೆ ಎಲ್ಲಾ ಸರಿ ಇದೆ' ಅನ್ನುತ್ತದೆ, ನಾನು 'ಇನ್ನೊಂದು ಸಲ ನೋಡಿ' ಅನ್ನುತ್ತೇನೆ, ನಡುನಡುವೆ ಮ್ಯಾನೇಜರ್ ಬಂದು 'ಇಟಿಎ ಏನು?' (ಎಷ್ಟೊತ್ತಿಗೆ ಸರಿಯಾಗುತ್ತದೆ?) ಅಂತ ಕೇಳಿ ಮ್ಯೂಟ್ ಆಗುತ್ತಾರೆ. ಹೀಗೇ ನಡೆಯಿತು. ಫೈರ್‌ವಾಲ್ ಪ್ಯಾಕೆಟ್ ನುಂಗಿದ್ದರೆ ಬರಬೇಕಾಗಿದ್ದು 'ಕನೆಕ್ಟ್ ಟೈಮ್ಡ್ ಔಟ್'. 'ರೀಡ್' ಅಂದರೆ ಕನೆಕ್ಷನ್ ಆಗಿದೆ, ಉತ್ತರಕ್ಕೆ ಕಾಯುತ್ತಾ ನಾವೇ ಕೈಬಿಟ್ಟಿದ್ದೇವೆ ಅಂತ. ಇಂಟರ್‌ವ್ಯೂನಲ್ಲಿ ಬೇರೆಯವರನ್ನು ಇದೇ ಪ್ರಶ್ನೆ ಕೇಳಿ ಕಾಡುವವನು ನಾನು. ಅವತ್ತು ಆ ಒಂದು ಪದವನ್ನು ಓದಲೇ ಇಲ್ಲ.

ಹೊಸದಾಗಿ ಸೇರಿದ್ದ ಹುಡುಗಿ ಸುಮ್ನೆ ಲಾಗ್ ನೋಡುತ್ತಾ ಕೂತಿದ್ದಳು. 'ಸರ್, ರಿಕ್ವೆಸ್ಟ್ ಹೋಗಿದ್ದೂ ಎರರ್ ಬಂದಿದ್ದೂ ಒಂದೇ ಸೆಕೆಂಡಿನಲ್ಲಿದೆ. ನಮ್ಮ ಟೈಮ್‌ಔಟ್ 30 ಸೆಕೆಂಡ್ ಅಲ್ವಾ?'

ನೋಡಿದೆ. ರಿಕ್ವೆಸ್ಟ್ ಹೋದ ಸಾಲಿನ ಕೊನೆಯಲ್ಲಿ 07.114. ಎರರ್ ಸಾಲಿನಲ್ಲಿ 07.146. ನಡುವೆ ಬರೀ 32 ಮಿಲಿಸೆಕೆಂಡ್. ಬ್ರಿಡ್ಜ್ ಕಾಲ್‌ನಲ್ಲಿದ್ದವರಿಗೆ ತಕ್ಷಣ ಏನು ಹೇಳಬೇಕೋ ತಿಳಿಯಲಿಲ್ಲ, ನಾನೂ ಮ್ಯೂಟ್ ಮಾಡಿಕೊಂಡೆ.

ಮೇನ್ ಫೈಲಿನಲ್ಲಿ (ಆ್ಯಪಿನ ಅಸಲಿ 'ಅಪ್ಲಿಕೇಶನ್ ಡಾಟ್ ವೈಎಂಎಲ್') ಯಾರೋ 'ಟೈಮ್‌ಔಟ್: 30' ಅಂತ ಬರೆದಿದ್ದರು. ಕೋಡಿನಲ್ಲಿ ಅದು ಡ್ಯುರೇಶನ್ ಟೈಪ್, ಅಂದರೆ ಸಮಯದ ಅವಧಿ. ಯೂನಿಟ್ ಇಲ್ಲದ ಬರೀ ಸಂಖ್ಯೆ ಕೊಟ್ಟರೆ ಸ್ಪ್ರಿಂಗ್ ಬೂಟ್ ಅದನ್ನು ಮಿಲಿಸೆಕೆಂಡ್ ಅಂತಲೇ ಓದುತ್ತದೆ. ಸೆಕೆಂಡ್ ಬೇಕಿದ್ದರೆ '30ಎಸ್' ಅಂತ ಬರೆಯಬೇಕು. ಸರಿ, ಇದು ಸಣ್ಣ ತಪ್ಪು. ಟೆಸ್ಟಿನಲ್ಲಿ ಯಾಕೆ ಸಿಗಲಿಲ್ಲ?

ಯಾಕೆಂದರೆ ಟೆಸ್ಟ್ ಆ ಫೈಲನ್ನು ತೆರೆದೇ ಇರಲಿಲ್ಲ. ಟೆಸ್ಟ್ ರಿಸೋರ್ಸಸ್‌ನಲ್ಲಿ ಅದೇ ಹೆಸರಿನ ಇನ್ನೊಂದು ಫೈಲ್ ಇತ್ತು. ಎರಡೂ ಮರ್ಜ್ ಆಗುತ್ತವೆ, ಟೆಸ್ಟ್ ಫೈಲಿನಲ್ಲಿ ಇಲ್ಲದ ಕೀ (ಸೆಟ್ಟಿಂಗಿನ ಹೆಸರು) ಮೇನ್ ಫೈಲಿನಿಂದ ಬರುತ್ತದೆ ಅಂತ ಟೀಮಿನಲ್ಲಿ ಅರ್ಧ ಜನ ನಂಬಿದ್ದೆವು. ಹಾಗೇನೂ ಇಲ್ಲ. ಕ್ಲಾಸ್‌ಪಾತ್‌ನಲ್ಲಿ (ಜಾವಾ ಫೈಲ್ ಹುಡುಕುವ ಫೋಲ್ಡರ್‌ಗಳ ಪಟ್ಟಿ) ಟೆಸ್ಟ್ ಕ್ಲಾಸಸ್ ಮೊದಲು ಬರುತ್ತದೆ, ಆ ಹೆಸರಿನ ಫೈಲ್ ಅಲ್ಲೇ ಸಿಕ್ಕಿತು, ಕಥೆ ಮುಗಿಯಿತು. ಡೀಬಗರ್ ಹಾಕಿ, ಸೆಟ್ಟಿಂಗ್ ಎಲ್ಲಿಂದ ಬಂತು ಅನ್ನುವ ಪ್ರಾಪರ್ಟಿ ಸೋರ್ಸ್ ಪಟ್ಟಿ ನೋಡಿದರೂ ಪ್ರಯೋಜನವಿಲ್ಲ, ಯಾವ ಫೈಲ್ ಸಿಕ್ಕರೂ ಅಲ್ಲಿ ತೋರಿಸುವ ಹೆಸರು ಒಂದೇ.

ಟೆಸ್ಟ್ ಫೈಲಿನಲ್ಲಿ ಈ ಕೀ ಇರಲಿಲ್ಲ. ಆದರೂ ಯಾರೂ ಕಿರುಚಲಿಲ್ಲ. ಕೋಡಿನಲ್ಲಿ ಸೆಟ್ಟಿಂಗ್ ಓದುವ ವ್ಯಾಲ್ಯೂ ಅನೋಟೇಶನ್ ಒಳಗೆ, ಕೋಲನ್ ಹಾಕಿ '30ಎಸ್' ಅಂತ ಡಿಫಾಲ್ಟ್ ಕೊಟ್ಟಿದ್ದೆವು. ಅದು ಇಲ್ಲದಿದ್ದರೆ 'ಕುಡ್ ನಾಟ್ ರಿಸಾಲ್ವ್ ಪ್ಲೇಸ್‌ಹೋಲ್ಡರ್' ಅಂತ ಸ್ಪ್ರಿಂಗ್ ಕಾಂಟೆಕ್ಸ್ಟ್ (ಆ್ಯಪಿನ ಒಳಗಿನ ಜೋಡಣೆ) ಏಳುವ ಮೊದಲೇ ಬೀಳುತ್ತಿತ್ತು, ಕೀ ಸೇರಿಸಿದ ದಿನವೇ ಗೊತ್ತಾಗುತ್ತಿತ್ತು. ಸುರಕ್ಷತೆಗೆ ಅಂತ ಡಿಫಾಲ್ಟ್ ಹಾಕಬೇಡಿ. ಕಾನ್ಫಿಗ್‌ನಲ್ಲಿ ಇರಲೇಬೇಕಾದ ಬೆಲೆ (ವ್ಯಾಲ್ಯೂ) ಇಲ್ಲದಿದ್ದರೆ ಆ್ಯಪ್ ಏಳಬಾರದು, ಅಷ್ಟೇ.

ಓಡುತ್ತಿರುವ ಆ್ಯಪಿನ ಸೆಟ್ಟಿಂಗ್ ತೋರಿಸುವ, ಆಕ್ಚುಯೇಟರಿನ ಎನ್ವ್ ಎಂಡ್‌ಪಾಯಿಂಟ್ ತೆರೆದಿದ್ದರೆ ಸ್ಟೇಜಿಂಗಿನಲ್ಲಿ ಆ ಬೆಲೆ ಯಾವ ಫೈಲಿನ ಎಷ್ಟನೇ ಸಾಲಿನಿಂದ ಬಂತು ಅನ್ನುವುದನ್ನೂ ತೋರಿಸುತ್ತಿತ್ತು. ಬೂಟ್ 3ರಲ್ಲಿ ಡಿಫಾಲ್ಟಾಗಿ ಬೆಲೆಗಳನ್ನು ನಕ್ಷತ್ರ ಹಾಕಿ ಮುಚ್ಚುತ್ತಾರೆ, ಆದರೂ ಎಲ್ಲಿಂದ ಬಂತು ಅನ್ನುವುದು ಕಾಣುತ್ತದೆ. ನಮ್ಮಲ್ಲಿ ಸೆಕ್ಯುರಿಟಿಯವರು ಹೆಲ್ತ್ ಎಂಡ್‌ಪಾಯಿಂಟ್ ಬಿಟ್ಟು ಮಿಕ್ಕ ಎಲ್ಲವನ್ನೂ ಬಂದ್ ಮಾಡಿದ್ದಾರೆ. ಸ್ಟೇಜಿಂಗಿಗಾದರೂ ಕೊಡಿ ಅಂತ ಹಾಕಿದ ಟಿಕೆಟ್ ಇನ್ನೂ 'ಅಂಡರ್ ರಿವ್ಯೂ'.

ಸರಿ ಮಾಡುವಾಗಲೂ ಒಂದು ನಾಟಕ. ಲೀಡ್ 'ಟೆಸ್ಟ್‌ಪ್ರಾಪರ್ಟಿಸೋರ್ಸ್ ಹಾಕಿ ವೈಎಂಎಲ್ ಕೊಟ್ಟುಬಿಡೋಣ' ಅಂದರು. ಟೆಸ್ಟಿಗೆ ಸೆಟ್ಟಿಂಗ್ ಫೈಲ್ ಸೂಚಿಸುವ ಅನೋಟೇಶನ್ ಅದು. ಅದು ಡಿಫಾಲ್ಟಾಗಿ ವೈಎಂಎಲ್ ಓದುವುದಿಲ್ಲ, ಪ್ರಾಪರ್ಟೀಸ್ ಫೈಲ್ ಅಂದುಕೊಂಡೇ ಓದುತ್ತದೆ. ಅಲ್ಲೂ ಕೋಲನ್ ನಡೆಯುತ್ತದಲ್ಲ, ಹಾಗಾಗಿ ಎರರ್ ಕೂಡ ಬರುವುದಿಲ್ಲ, ಒಳಗಿನ ಕೀಗಳು ಮೇಲಿನ ಕೀಯ ಹೆಸರು ಸೇರದೆ, ತಂದೆತಾಯಿ ಇಲ್ಲದೆ ಒಂಟಿಯಾಗಿ ನಿಲ್ಲುತ್ತವೆ. ಕೊನೆಗೆ ಫೈಲಿನ ಹೆಸರನ್ನು 'ಅಪ್ಲಿಕೇಶನ್ ಹೈಫನ್ ಟೆಸ್ಟ್' ಮಾಡಿ, 'ಟೆಸ್ಟ್' ಪ್ರೊಫೈಲನ್ನು ಚಾಲೂ ಮಾಡುವ ಆಕ್ಟಿವ್‌ಪ್ರೊಫೈಲ್ಸ್ ಹಾಕಿದೆವು. ಈಗ ಮೇನ್ ಫೈಲ್ ಮೊದಲು ಲೋಡ್ ಆಗುತ್ತದೆ, ಟೆಸ್ಟಿಗೆ ಬೇರೆ ಬೇಕಾದ್ದಷ್ಟೇ ಅದರ ಮೇಲೆ ಬರುತ್ತದೆ. ಹೆಸರು ಬದಲಿಸಿದ ಕೂಡಲೇ ಒಂದಷ್ಟು ಟೆಸ್ಟ್ ಕೆಂಪಾದವು. ಅವು ಮೊದಲ ಸಲ ನಿಜವಾದ ಬೆಲೆಗಳನ್ನು ನೋಡುತ್ತಿದ್ದವು ಅಲ್ವಾ!

ತಮಾಷೆ ಅಂದರೆ ಪೇಮೆಂಟ್ ಟೆಸ್ಟ್ ಆಗಲೂ ಪಾಸ್. ನಮ್ಮ ಸ್ಟಬ್ (ಬ್ಯಾಂಕಿನಂತಹ ಹೊರಗಿನ ಸರ್ವಿಸ್ ಬದಲಿಗೆ ಉತ್ತರಿಸುವ ನಕಲಿ) ಲೋಕಲ್‌ನಲ್ಲಿ ತಕ್ಷಣ ಉತ್ತರ ಕೊಡುತ್ತದೆ, ಅದಕ್ಕೆ 30 ಮಿಲಿಸೆಕೆಂಡ್ ಕೂಡ ಜಾಸ್ತಿ. ಆ ಸ್ಟಬ್ ಓಡಿಸುವ ವೈರ್‌ಮಾಕ್‌ನಲ್ಲಿ ಫಿಕ್ಸೆಡ್ ಡಿಲೇ (ಉತ್ತರ ತಡವಾಗಿಸುವುದು) ಹಾಕಿದ ಮೇಲೆ ಅದೂ ಬಿತ್ತು. ಮೇನ್ ಫೈಲಿನಲ್ಲಿ '30ಎಸ್' ಅಂತ ತಿದ್ದಿ, ಈ ಸೆಟ್ಟಿಂಗ್‌ಗಳನ್ನೆಲ್ಲ ಏಳುವಾಗಲೇ ಬೆಲೆ ಪರೀಕ್ಷಿಸುವ ವ್ಯಾಲಿಡೇಟೆಡ್ ಕಾನ್ಫಿಗರೇಶನ್‌ಪ್ರಾಪರ್ಟೀಸ್ ಕ್ಲಾಸಿಗೆ ತಂದು, ಓದಿದ ಬೆಲೆ 30 ಸೆಕೆಂಡೇ ಅಂತ ಅಸರ್ಟ್ ಮಾಡುವ ಪುಟ್ಟ ಟೆಸ್ಟ್ ಬರೆದೆವು. ಬರೆದದ್ದು ಅದೇ ಹುಡುಗಿ.

ಆರ್‌ಸಿಎ (ಮೂಲ ಕಾರಣ ಬರೆಯುವ) ಡಾಕ್ಯುಮೆಂಟಿನಲ್ಲಿ ಮ್ಯಾನೇಜರ್ ಬರೆಸಿದ ಆ್ಯಕ್ಷನ್ ಐಟಂ ಒಂದೇ: ಕೋಡ್ ಕವರೇಜ್, ಅಂದರೆ ಟೆಸ್ಟ್ ಓಡಿಸುವ ಸಾಲುಗಳ ಪ್ರಮಾಣ, ಹೆಚ್ಚಿಸುವುದು. ಟೈಮ್‌ಔಟ್ ಓದುವ ಆ ಸಾಲು ಮೊದಲಿಂದಲೂ ಕವರ್ ಆಗಿಯೇ ಇತ್ತು ಅಂತ ಕಾಮೆಂಟ್ ಹಾಕಿದೆ. ರಿಸಾಲ್ವ್ ಅಂತ ಒತ್ತಿ ಮುಚ್ಚಿದ್ದಾರೆ.